ವಿಧಿ ಬೇರೆ, ವಿಶ್ವಾಸ ಒಂದೇ

ಸೀವುಡ್ಸ್‌ನ ಕೆಲವು ಮನೆಗಳಲ್ಲಿ ತಪಸ್ಸುಕಾಲದ ಬೂದಿ ಒಂದೇ ವಾರದಲ್ಲಿ ಎರಡು ಸಲ ಹಣೆಗೇರುವುದುಂಟು. ಮಂಗಳೂರು ಕಡೆಯ ಲ್ಯಾಟಿನ್ ವಿಧಿಯ ಪತ್ನಿಗೆ ಅದು ಬುಧವಾರ. ಕೇರಳ ಮೂಲದ ಸಿರೋ-ಮಲಬಾರ್ ಸಭೆಯ ಪತಿಗೆ ಸೋಮವಾರ. ಇಬ್ಬರೂ ಕ್ಯಾಥೊಲಿಕರು, ಇಬ್ಬರಿಗೂ ಪೋಪರೇ ಪರಮಗುರುಗಳು. ಆದರೆ ಕುಟುಂಬವೆಲ್ಲ ಒಂದೇ ವಿಧಿಗೆ ಸೇರಬೇಕೆಂಬ ಬಯಕೆ ಮೂಡಿದಾಗ ಹಲವು ಸಂದೇಹಗಳು ತಲೆದೋರುತ್ತವೆ.

ಒಂದು ಕಾಲದಲ್ಲಿ ಮುಂಬಯಿಗೆ ಬಂದ ಸಿರೋ-ಮಲಬಾರ್ ಕುಟುಂಬಗಳು ಲ್ಯಾಟಿನ್ ಇಗರ್ಜಿಗಳನ್ನೇ ಆಶ್ರಯಿಸಿದ್ದವು. 1988ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ಅವರಿಗಾಗಿ ಕಲ್ಯಾಣ್ ಧರ್ಮಪ್ರಾಂತವನ್ನು ಸ್ಥಾಪಿಸಿದರು. ಅಂದಿನಿಂದ ನವಿ ಮುಂಬಯಿಯ ಒಂದೇ ನೆಲದಲ್ಲಿ ಎರಡೂ ವಿಧಿಗಳ ಧರ್ಮಾಧ್ಯಕ್ಷರ ಅಧಿಕಾರ ನಡೆಯುತ್ತಿದೆ. ಕರ್ನಾಟಕದಲ್ಲಿಯೂ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತವು ಇದೇ ಬಗೆಯಲ್ಲಿ ಉದಯಿಸಿತು.

ಬಹುಜನರ ತಪ್ಪು ತಿಳಿವಳಿಕೆಯೊಂದಿದೆ. ಹತ್ತಿರದ ಸಿರೋ-ಮಲಬಾರ್ ದೇವಾಲಯಕ್ಕೆ ಹಲವು ವರ್ಷ ಹೋದರೆ ತಾವು ಆ ಸಭೆಯವರೇ ಆದೆವೆಂದು ಅವರು ಭಾವಿಸುತ್ತಾರೆ. ಹಾಗಲ್ಲ. ಯಾವ ಕ್ಯಾಥೊಲಿಕನೂ ಯಾವ ವಿಧಿಯ ಬಲಿಪೂಜೆಯಲ್ಲಾದರೂ ಭಾಗವಹಿಸಿ ಪರಮಪ್ರಸಾದ ಸ್ವೀಕರಿಸಬಹುದು. ಆದರೆ ಎಷ್ಟೇ ದೀರ್ಘಕಾಲದ ರೂಢಿಯಿಂದಲೂ ಸದಸ್ಯತ್ವ ಬದಲಾಗದೆಂದು ಧರ್ಮಸಭೆಯ ಕಾನೂನು ಸ್ಪಷ್ಟವಾಗಿ ನುಡಿಯುತ್ತದೆ. ಈ ಅರಿವಿಲ್ಲದವರಿಗೆ ಮಗಳ ಮದುವೆಯ ಹೊತ್ತಿಗೆ ತೊಡಕು ಎದುರಾಗುತ್ತದೆ. ಏಕೆಂದರೆ ವಿವಾಹ ನೆರವೇರಿಸುವ ಗುರುವಿಗೆ ಅಧಿಕಾರವಿಲ್ಲದಿದ್ದರೆ ವಿವಾಹದ ಸಿಂಧುತ್ವವೇ ಪ್ರಶ್ನೆಗೊಳಗಾದೀತು.

ಹಾಗಾದರೆ ಮಾರ್ಗವೇನು? ಲ್ಯಾಟಿನ್ ವಧುವು ವಿವಾಹಕಾಲದಲ್ಲಿ ಅಥವಾ ದಾಂಪತ್ಯದ ಅವಧಿಯಲ್ಲಿ ಪತಿಯ ಸಭೆಗೆ ಸೇರುವುದಾಗಿ ಘೋಷಿಸಬಹುದು. ಇದಕ್ಕೆ ರೋಮಿನ ಅಪ್ಪಣೆ ಬೇಡ. ಇಡೀ ಲ್ಯಾಟಿನ್ ಕುಟುಂಬವೇ ವರ್ಗವಾಗುವುದಾದರೆ ರೋಮಿನ ಸಮ್ಮತಿ ಅವಶ್ಯ. ಆದರೆ 1992ರ ಆಜ್ಞೆಯಂತೆ, ಎರಡೂ ಸಭೆಗಳ ಧರ್ಮಪ್ರಾಂತಗಳು ಒಂದೇ ಪ್ರದೇಶದಲ್ಲಿದ್ದು, ಇಬ್ಬರು ಧರ್ಮಾಧ್ಯಕ್ಷರೂ ಲಿಖಿತವಾಗಿ ಒಪ್ಪಿದರೆ ಆ ಸಮ್ಮತಿ ದೊರೆತಂತೆಯೇ. 14 ವರ್ಷ ತುಂಬದ ಮಕ್ಕಳು ತಂದೆತಾಯಿಯರನ್ನು ಅನುಸರಿಸುತ್ತಾರೆ. 14 ತುಂಬಿದ ಮೇಲೆ ಅವರು ಲ್ಯಾಟಿನ್ ವಿಧಿಗೆ ಮರಳಲು ಸ್ವತಂತ್ರರು. ವರ್ಗಾವಣೆಯ ವಿವರವನ್ನು ದೀಕ್ಷಾಸ್ನಾನದ ದಾಖಲೆಪುಸ್ತಕದಲ್ಲಿ ಬರೆಸಲು ಮರೆಯಬಾರದು. ಆ ಪುಸ್ತಕ ಊರಿನ ಇಗರ್ಜಿಯಲ್ಲಿದ್ದರೆ ಅಲ್ಲಿಗೂ ಸೂಚನೆ ತಲುಪಬೇಕು.

ಉಡುಪಿ ಜಿಲ್ಲೆಯವರಿಗೆ ಇಲ್ಲಿ ಬ್ರಹ್ಮಾವರದ ನೆನಪಾಗುವುದು ಸಹಜ. ಗೋವೆಯ ಪಾದ್ರಿ ಆಲ್ವಾರಿಸರು 1889ರಲ್ಲಿ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಬಿಷಪರಾದಾಗ ಅಲ್ಲಿನ ಅನೇಕ ಕೊಂಕಣಿ ಕುಟುಂಬಗಳು ಅವರನ್ನು ಹಿಂಬಾಲಿಸಿದವು. ಅವರು ರೋಮಿನ ಸಂಬಂಧ ಕಡಿದುಕೊಂಡರೂ ಲ್ಯಾಟಿನ್ ಪೂಜಾವಿಧಿಯನ್ನು ಬಹುಕಾಲ ಉಳಿಸಿಕೊಂಡರು. ಇಂದು ಸೀವುಡ್ಸ್‌ನ ಕುಟುಂಬ ಮಾಡುವುದು ಅದಕ್ಕೆ ತದ್ವಿರುದ್ಧ: ಪೂಜಾವಿಧಿ ಬದಲಾಗುತ್ತದೆ, ರೋಮಿನ ಸಂಬಂಧ ಉಳಿಯುತ್ತದೆ. ಇದು ಮತಾಂತರವಲ್ಲ, ಬಂಧುಗಳು ನೊಂದುಕೊಳ್ಳಲು ಕಾರಣವೂ ಇಲ್ಲ.

ಆದರೂ ಅವಸರ ಸಲ್ಲದು. ಅಜ್ಜಿ ಕಲಿಸಿದ ಕೊಂಕಣಿಯ ಜಪ, ಊರಿನ ಹಬ್ಬದ ಕನ್ನಡ ಗೀತೆ—ಇವುಗಳ ಸ್ಥಾನದಲ್ಲಿ ಮಲಯಾಳದ ಪ್ರಾರ್ಥನೆ ಬರುವಾಗ ಗೃಹಿಣಿಯ ಮನಸ್ಸು ಒಪ್ಪಿದೆಯೇ ಎಂದು ಮೊದಲು ಕೇಳಬೇಕು. ಧರ್ಮಾಧ್ಯಕ್ಷರ ಎರಡು ಸಹಿಗಳಿಗಿಂತ ಮುಂಚೆ ಬೇಕಾದುದು ಮನೆಯೊಳಗಿನ ಆ ಸಮ್ಮತಿ.