ದುಡಿಯುವ ತಾಣದಲ್ಲಿ ಮನಸ್ಸಿನ ಆರೋಗ್ಯ

ಕೆಲವು ವರ್ಷಗಳ ಹಿಂದೆ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಎದೆಯುರಿ, ತಲೆನೋವು, ಉರಿಮೂತ್ರ, ರಾತ್ರಿ ನಿದ್ರೆಯಿಲ್ಲ. ಆಮ್ಲಪಿತ್ತಕ್ಕೆ ಅವಿಪತ್ತಿಕರ ಚೂರ್ಣ ಕೊಟ್ಟೆವು, ನಿದ್ರೆಗೆಂದು ಅಶ್ವಗಂಧ ಕೊಟ್ಟೆವು. ಮೂರು ಬಾರಿ ಬಂದರು. ಮೂರು ಬಾರಿಯೂ ಔಷಧಿ ಬದಲಾಯಿತೇ ಹೊರತು ಅವರ ಸ್ಥಿತಿ ಬದಲಾಗಲಿಲ್ಲ. ನಾಲ್ಕನೆಯ ಬಾರಿ, “ಮಧ್ಯಾಹ್ನ ಊಟ ಎಷ್ಟು ಗಂಟೆಗೆ ಮಾಡ್ತೀರಿ ತಾಯಿ?” ಎಂದು ಕೇಳಿದೆವು. ಉತ್ತರಕ್ಕೆ ಮೊದಲು ಕಣ್ಣೀರು ಬಂತು.

ಗಿರಾಕಿಗಳ ಸಂದಣಿ ಇಳಿದ ಮೇಲೆ, ಮೂರೂವರೆ ನಾಲ್ಕಕ್ಕೆ, ಗೋದಾಮಿನಲ್ಲಿ ನಿಂತುಕೊಂಡೇ ಹತ್ತು ನಿಮಿಷದ ಊಟ. ದಿನಕ್ಕೆ ಹತ್ತು ಗಂಟೆ ನಿಲ್ಲಬೇಕು, ಕೂರುವಂತಿಲ್ಲ. ಶೌಚಾಲಯ ದೂರ, ಹೋದರೆ ಗದರಿಕೆ. ಆದ್ದರಿಂದ ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇಪ್ಪತ್ತು ಸೀರೆ ಬಿಚ್ಚಿಸಿ ಗಿರಾಕಿ ಏನೂ ಕೊಳ್ಳದೆ ಹೋದರೆ ಎಲ್ಲರೆದುರು ಬೈಗುಳ. ಅಳು ಬಂದರೂ ಅಳುವಂತಿಲ್ಲ, ಮುಂದಿನ ಗಿರಾಕಿಗೆ ನಗುಮುಖ ತೋರಬೇಕು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾಲ್ಕನೆಯ ಭೇಟಿಯವರೆಗೆ ಕೇಳದೆ ಇದ್ದದ್ದು ನಮ್ಮ ತಪ್ಪು.

ಚರಕರು ಹೇಳಿದ ಎರಡು ಬಗೆಯ ವೇಗಗಳು

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳನ್ನು ಕುರಿತದ್ದು. ತಡೆಯಬಾರದ ವೇಗಗಳು 13. ಮಲಮೂತ್ರ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ಶ್ರಮದಿಂದ ಬರುವ ಏದುಸಿರು ಮೊದಲಾದವು ಇದರಲ್ಲಿ ಸೇರುತ್ತವೆ. ಮೂತ್ರವೇಗವನ್ನು ತಡೆದರೆ ಮೂತ್ರಾಶಯದಲ್ಲಿ ನೋವು, ಉರಿಮೂತ್ರ, ತಲೆನೋವು ಬರುತ್ತವೆ. ಕಣ್ಣೀರನ್ನು ತಡೆದರೆ ಹೃದ್ರೋಗ, ಅರುಚಿ, ತಲೆಸುತ್ತು ಉಂಟಾಗುತ್ತವೆ ಎಂದು ಆ ಗ್ರಂಥವು ತಿಳಿಸುತ್ತದೆ. ತಡೆದ ಕಣ್ಣೀರಿಗೆ ಅಲ್ಲಿ ಹೇಳಿರುವ ಉಪಚಾರಗಳಲ್ಲಿ ನಿದ್ರೆಯೂ ಪ್ರಿಯವಾದ ಮಾತುಕತೆಯೂ ಸೇರಿವೆ ಎಂಬುದನ್ನು ಗಮನಿಸಬೇಕು.

ಅದೇ ಅಧ್ಯಾಯವು ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಲೋಭ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ ಇವು ಮನಸ್ಸಿನವು. ಒರಟು ಮಾತು, ಅತಿಯಾದ ಮಾತು, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು ಇವು ನಾಲಿಗೆಯವು.

ಇಂದಿನ ಅಂಗಡಿ, ಕಾರ್ಖಾನೆ, ಕಚೇರಿಗಳನ್ನು ಈ ಅಧ್ಯಾಯದ ಬೆಳಕಿನಲ್ಲಿ ನೋಡಿದರೆ ಎಲ್ಲವೂ ತಿರುವುಮುರುವಾಗಿರುವುದು ಕಾಣುತ್ತದೆ. ದುಡಿಯುವವರು ತಡೆಯಬಾರದ್ದನ್ನು ತಡೆಯುತ್ತಿದ್ದಾರೆ. ದುಡಿಸುವವರು ತಡೆಯಬೇಕಾದ್ದನ್ನು ಹರಿಯಬಿಡುತ್ತಿದ್ದಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಬರುವ ಮೇಲಧಿಕಾರಿಯ ಆದೇಶವೂ ಹೊತ್ತಲ್ಲದ ಹೊತ್ತಿನ ಮಾತೇ.

ಆಧುನಿಕ ವೈದ್ಯವೂ ಇದನ್ನೇ ಕಂಡಿದೆ

ಕೆಲಸದ ಸ್ಥಳದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಉಂಟಾಗುವ ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಕುಂದಿದ ಕಾರ್ಯಕ್ಷಮತೆ ಈ ಮೂರನ್ನು ವಿಶ್ವ ಆರೋಗ್ಯ ಸಂಸ್ಥೆಯು ‘ಬರ್ನ್‌ಔಟ್’ ಎಂದು ಗುರುತಿಸಿದೆ. ಖಿನ್ನತೆ ಮತ್ತು ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ದುಡಿಮೆಯ ದಿನಗಳು ನಷ್ಟವಾಗುತ್ತವೆ ಎಂಬುದು ಅದರ ಅಂದಾಜು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಅಧಿಕವೆಂದು ಅದೇ ಸಂಸ್ಥೆಯು 2021ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಡನೆ ಸೇರಿ ತಿಳಿಸಿತು. 2022ರಲ್ಲಿ ಹೊರಬಂದ ಅದರ ಮಾರ್ಗಸೂಚಿಯು, ಕೆಲಸದ ಹೊರೆ ಮತ್ತು ಕ್ರಮವನ್ನು ತಿದ್ದಬೇಕೆಂದೂ ಮೇಲ್ವಿಚಾರಕರಿಗೆ ಮನೋಆರೋಗ್ಯದ ತರಬೇತಿ ಕೊಡಬೇಕೆಂದೂ ಹೇಳಿದೆ.

ಆಯುರ್ವೇದದಲ್ಲಿ ‘ಸತ್ತ್ವಾವಜಯ’ ಎಂಬ ಚಿಕಿತ್ಸೆಯಿದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದು ಅದರ ಅರ್ಥ. ಆದರೆ ಅಹಿತವೇ ದಿನಕ್ಕೆ ಹತ್ತು ಗಂಟೆ ಎದುರಿಗೆ ನಿಂತಿದ್ದರೆ, ದುಡಿಯುವವನೊಬ್ಬನೇ ಮನಸ್ಸನ್ನು ಎಷ್ಟೆಂದು ಹಿಂದೆಗೆದಾನು? ಪ್ರಾಣಾಯಾಮ, ಧ್ಯಾನಗಳು ಹಿತಕರವೇ. ಆದರೆ ಅವು ಊಟದ ವಿರಾಮಕ್ಕೆ ಬದಲಿಯಲ್ಲ.

ಯಜಮಾನರು ಮಾಡಬಹುದಾದದ್ದು

ಅದೇ ಪೇಟೆಯ ಮತ್ತೊಂದು ಅಂಗಡಿಯ ಯಜಮಾನರು ರಕ್ತದೊತ್ತಡಕ್ಕಾಗಿ ನಮ್ಮಲ್ಲಿಗೆ ಬರುತ್ತಾರೆ. ಅವರೊಡನೆ ಯಾರ ಹೆಸರನ್ನೂ ಎತ್ತದೆ ಈ ವಿಷಯ ಮಾತಾಡಿದೆವು. “ಕೆಲಸದವರು ಕೂತಿದ್ರೆ ಗಿರಾಕಿಗಳು ಏನಂದ್ಕೋತಾರೆ ಡಾಕ್ಟ್ರೇ?” ಎಂದರು. “ನೀವು ಗಲ್ಲಾದ ಹಿಂದೆ ಕೂತಿರೋದನ್ನ ನೋಡಿ ಏನಾದ್ರೂ ಅಂದ್ಕೊಂಡಿದಾರಾ ಯಜಮಾನ್ರೇ?” ಎಂದೆವು. ನಕ್ಕರು. ಮುಂದಿನ ವಾರ ಕೌಂಟರಿನ ಹಿಂದೆ ನಾಲ್ಕು ಸ್ಟೂಲುಗಳು ಬಂದಿದ್ದವು. ನೆರೆಯ ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಅವಕಾಶವನ್ನು ಕಾನೂನಿನಲ್ಲೇ ಸೇರಿಸಿವೆ.

ನಮ್ಮ ಭಕ್ತವೃಂದದಲ್ಲಿ ಅಂಗಡಿ, ಗಿರಣಿ, ಶಾಲೆ, ಸಹಕಾರಿ ಸಂಘಗಳನ್ನು ನಡೆಸುವವರು ಅನೇಕರಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟು:

1. ಮಧ್ಯಾಹ್ನ ಎರಡು ಗಂಟೆಯೊಳಗೆ ಸರದಿಯ ಮೇಲೆ ಎಲ್ಲರಿಗೂ ಊಟದ ಬಿಡುವು, ಕುಳಿತು ಉಣ್ಣಲು ಜಾಗ.

2. ಕುಡಿಯುವ ನೀರು, ಶುಚಿಯಾದ ಶೌಚಾಲಯ. ಹೋಗಿಬರಲು ಅಪ್ಪಣೆ ಕೇಳಬೇಕಾಗದ ಸ್ಥಿತಿ.

3. ತಪ್ಪನ್ನು ತಿದ್ದುವುದಾದರೆ ಪ್ರತ್ಯೇಕವಾಗಿ ಕರೆದು, ಹೊಗಳುವುದಾದರೆ ನಾಲ್ವರೆದುರು.

4. ವಾರದ ರಜೆಯ ದಿನವನ್ನು ಮುಂಚಿತವಾಗಿ ತಿಳಿಸುವುದು. ಕೆಲಸ ಮುಗಿದ ಮೇಲೆ ಫೋನು, ಸಂದೇಶಗಳಿಂದ ಬಿಡುವು ಕೊಡುವುದು.

ದುಡಿಯುವವರು ಗಮನಿಸಬೇಕಾದದ್ದು

ಹೊತ್ತಿಗೆ ಸರಿಯಾಗಿ ಬಿಸಿಯಾದ ಊಟ, ಸಂಜೆಯ ನಂತರ ಚಹಾ ಕಾಫಿ ಬಿಡುವುದು, ಮಲಗುವ ಮುನ್ನ ಅಂಗಾಲಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕುವುದು ನಿದ್ರೆಗೆ ಸಹಕಾರಿ. ನಂಬಿಕೆಯ ಒಬ್ಬರ ಬಳಿ ದಿನವೂ ಸ್ವಲ್ಪ ಹೊತ್ತು ಮನಬಿಚ್ಚಿ ಮಾತಾಡಿರಿ. ಅಶ್ವಗಂಧವನ್ನು ಜಾಹೀರಾತು ನೋಡಿ ತಾವಾಗಿಯೇ ಸೇವಿಸಬೇಡಿರಿ. ಗರ್ಭಿಣಿಯರಿಗೂ ಥೈರಾಯಿಡ್, ಯಕೃತ್ತಿನ ತೊಂದರೆಯುಳ್ಳವರಿಗೂ ಅದು ಹಿತವಲ್ಲ.

ಎರಡು ವಾರ ಕಳೆದರೂ ನಿದ್ರೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಬದುಕು ಬೇಡವೆಂಬ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಅವರು ಕೊಟ್ಟ ಔಷಧಿಯನ್ನು ನಮ್ಮ ಔಷಧಿಗಾಗಿ ನಿಲ್ಲಿಸಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆ ಹೆಣ್ಣುಮಗಳು ಆರು ತಿಂಗಳ ನಂತರ ಆ ಅಂಗಡಿಯನ್ನು ಬಿಟ್ಟು ಬೇರೆ ಕಡೆ ಸೇರಿದರು. ಸಂಬಳ ತುಸು ಕಡಿಮೆ, ಊಟ ಹೊತ್ತಿಗೆ ಸರಿಯಾಗಿ. ಎದೆಯುರಿ ಇಳಿಯಿತು, ನಿದ್ರೆ ಮರಳಿತು. ಆದರೆ ಬಿಟ್ಟುಬರಲು ಎಲ್ಲರಿಗೂ ಸಾಧ್ಯವಿಲ್ಲ. ಮನೆಯ ಒಲೆ ಉರಿಯಬೇಕಲ್ಲ. ಅಂಥವರ ಔಷಧಿ ನಮ್ಮ ಕಪಾಟಿನಲ್ಲಿಲ್ಲ, ಅವರಿಗೆ ಕೆಲಸ ಕೊಟ್ಟವರ ಕೈಯಲ್ಲಿದೆ. ಕಾಯಕವೆಂಬ ಮಾತಿನೊಳಗೇ ಕಾಯವಿದೆ. ದುಡಿಯುವವರ ಕಾಯವನ್ನೂ ಮನವನ್ನೂ ಬಳಲಿಸುವ ದುಡಿಮೆ ಆ ಹೆಸರಿಗೆ ತಕ್ಕದ್ದಲ್ಲ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಸದ್ಭಕ್ತರು, ತಮ್ಮಲ್ಲಿ ದುಡಿಯುವವರನ್ನು ಒಮ್ಮೆ ಕೇಳಿ ನೋಡಲಿ: “ಊಟ ಆಯ್ತಾ?”