ನೌಕರಿ ಹೋಯ್ತು, ನಟ ಸಿಕ್ಕ

ನೋಡಿ, ಎಂಜಿನಿಯರಿಂಗ್ ಓದಿ ನ್ಯೂಸ್ ಚಾನೆಲ್‌ಗೆ ಬಂದಾಗ ನನಗೆ ಬುದ್ಧಿಮಾತು ಹೇಳದವರೇ ಇರಲಿಲ್ಲ. ಅವರಿಗೆಲ್ಲ ಜಪಾನಿನ ತಕಾಶಿ ಶಿಮುರಾ ಕಥೆ ಹೇಳ್ಬೇಕು ಅನ್ಸುತ್ತೆ.

1905ರಲ್ಲಿ ಹುಟ್ಟಿದ ಶಿಮುರಾ, ಒಸಾಕಾ ನಗರದ ನೀರು ಸರಬರಾಜು ಇಲಾಖೆಯಲ್ಲಿ ನೌಕರರಾಗಿದ್ದರು. ಆದರೆ ನಾಟಕದ ಹುಚ್ಚು. ರಿಹರ್ಸಲ್ ಅಂತ ಕೆಲಸಕ್ಕೆ ಚಕ್ಕರ್ ಹೊಡೆದೂ ಹೊಡೆದೂ ಕೊನೆಗೆ ನೌಕರಿಯೇ ಹೋಯಿತು.

ಆಮೇಲೆ ಏನಾಯ್ತು ಗೊತ್ತಾ? 1952ರಲ್ಲಿ ಅಕಿರಾ ಕುರೊಸಾವಾ ನಿರ್ದೇಶನದ ‘ಇಕಿರು’ ಬಂತು. ಅದರಲ್ಲಿ ಶಿಮುರಾ ನಗರಾಡಳಿತದ ಅಧಿಕಾರಿ! 30 ವರ್ಷ ಫೈಲುಗಳಿಗೆ ಮೊಹರು ಒತ್ತಿದ ಆತನಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ತಿಳಿಯುತ್ತದೆ. ಉಳಿದ ಕೆಲವೇ ತಿಂಗಳಲ್ಲಿ, ಟೇಬಲಿಂದ ಟೇಬಲಿಗೆ ಅಲೆಯುತ್ತಿದ್ದ ಮಕ್ಕಳ ಪಾರ್ಕಿನ ಅರ್ಜಿಯನ್ನು ಕೈಗೆತ್ತಿಕೊಂಡು, ಪಟ್ಟು ಹಿಡಿದು ಪಾರ್ಕ್ ಮಾಡಿಸಿಯೇ ಸಾಯುತ್ತಾನೆ. ಆ ಮುದುಕನಾದಾಗ ಶಿಮುರಾಗೆ ಇನ್ನೂ 50 ತುಂಬಿರಲಿಲ್ಲ.

1954ರಲ್ಲಿ ‘ಸೆವೆನ್ ಸಮುರಾಯ್’ನಲ್ಲಿ ಹಳ್ಳಿ ಕಾಯುವ ತಂಡದ ಮುಖಂಡ, ಅದೇ ವರ್ಷ ‘ಗಾಡ್ಜಿಲಾ’ದಲ್ಲಿ ವಿಜ್ಞಾನಿ. ಕುರೊಸಾವಾ ಮಾಡಿದ 30 ಚಿತ್ರಗಳಲ್ಲಿ ಪೋಸ್ಟರಿನ ಹೀರೋ ತೊಶಿರೊ ಮಿಫುನೆ ಇದ್ದದ್ದು 16ರಲ್ಲಿ. ಶಿಮುರಾ? 21ರಲ್ಲಿ! 1982ರಲ್ಲಿ ತೀರಿಕೊಂಡರು.

‘ಇಕಿರು’ ಅಂದರೆ ಬದುಕುವುದು. ಕೆಲಸದಲ್ಲಿ ಇರೋದು ಬೇರೆ, ಬದುಕೋದು ಬೇರೆ ಅಂತ ಆ ಮುಖ ಮಾತಿಲ್ಲದೆ ಹೇಳುತ್ತದೆ. ಒಮ್ಮೆ ನೋಡಿ.