ಮೇರುಜ್ಯೋತಿಯ ಮರುದನಿ

ಹಗಲು ಕೇಳದ ದೂರದ ನಿಲಯಗಳು ರಾತ್ರಿ ರೇಡಿಯೋದಲ್ಲಿ ಕೇಳಿಬರುವುದು ಶ್ರೋತೃಗಳಿಗೆ ಪರಿಚಿತ ಸಂಗತಿ. ಬಾನುಲಿಯ ಅಲೆಗಳನ್ನು ಬಾಗಿಸಿ ನೆಲಕ್ಕೆ ಮರಳಿಸುವುದು ಅಯಾನುಗೋಳ. ಅಂದರೆ ಇಲೆಕ್ಟ್ರಾನು ಮತ್ತು ಅಯಾನುಗಳಿಂದ ಕೂಡಿದ ಮೇಲಣ ವಾಯುಪದರ. ಧ್ರುವಪ್ರದೇಶಗಳಲ್ಲಿ ಮೇರುಜ್ಯೋತಿ ಬೆಳಗುವುದೂ ಇದೇ ಪದರದಲ್ಲಿ. ನಮ್ಮ ಸವಣೂರಿನವರಿಗೆ ಅದರ ದರ್ಶನವಿಲ್ಲ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತಶಾಸ್ತ್ರ ಸಂಸ್ಥೆಯ ಕ್ಯಾಮರಾಗಳು ಲಡಾಖಿನ ಹಾನ್ಲೆಯಲ್ಲಿ ಅದರ ಕೆಂಪು ಹೊಳಪನ್ನು ಸೆರೆಹಿಡಿದವು.

ಮೇರುಜ್ಯೋತಿಯತ್ತ ರಡಾರ್ ಅಲೆಗಳನ್ನು ಬಿಟ್ಟರೆ ಮರುದನಿ ಬರುವುದುಂಟು. ಅದನ್ನು ಹಿಂದಿರುಗಿಸುವುದು ಬೆಳಕೆಂದು ತಿಳಿಯಬಾರದು. ಸುಮಾರು 100-110 ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ ಕ್ಷೇತ್ರವೂ ಭೂಮಿಯ ಕಾಂತತೆಯೂ ಕೂಡಿ ಹಗುರಾದ ಇಲೆಕ್ಟ್ರಾನುಗಳನ್ನು ಓಡಿಸುತ್ತವೆ. ಭಾರವಾದ ಅಯಾನುಗಳು ಗಾಳಿಯ ಕಣಗಳಿಗೆ ತಾಗಿ ತಾಗಿ ಹಿಂದೆಯೇ ಉಳಿಯುತ್ತವೆ. ಮಂದಾನಿಲಕ್ಕೆ ಕೆರೆಯ ನೀರು ಕದಲದು. ಗಾಳಿಯ ವೇಗ ಒಂದು ಮಿತಿಯನ್ನು ಮೀರಿದರೆ ತೆರೆಗಳೇಳುತ್ತವೆ. ಹಾಗೆಯೇ ಇಲೆಕ್ಟ್ರಾನುಗಳ ಓಟ ಅಲ್ಲಿಯ ಶಬ್ದವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 400 ಮೀಟರನ್ನು, ಮೀರಿದಾಗ ಅವುಗಳ ಸಾಂದ್ರತೆಯಲ್ಲಿ ತೆರೆಗಳು ಹುಟ್ಟುತ್ತವೆ. 1963ರಲ್ಲಿ ಫಾರ್ಲಿ ಮತ್ತು ಬುನೆಮನ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ರಡಾರ್ ಅಲೆಯ ಉದ್ದದ ಅರ್ಧದಷ್ಟು ಅಂತರವುಳ್ಳ ತೆರೆಗಳು ಒಟ್ಟುಗೂಡಿ ಅದನ್ನು ಮರಳಿಸುತ್ತವೆ: 6 ಮೀಟರ್ ಅಲೆಗೆ 3 ಮೀಟರ್ ಅಂತರದ ತೆರೆಗಳು.

ಆದುದರಿಂದ ಈ ಬಗೆಯ ಮರುದನಿ ಬಂದಿತೆಂದರೆ, ಅಲ್ಲಿಯ ವಿದ್ಯುತ್ ಕ್ಷೇತ್ರ ಮಿತಿಯನ್ನು ದಾಟಿದೆ ಎಂದರ್ಥ. ಧ್ರುವದೇಶದಲ್ಲಿ ಆ ಮಿತಿ ಮೀಟರಿಗೆ ಸುಮಾರು 20 ಮಿಲಿವೋಲ್ಟ್. ಆದರೆ ಇಲ್ಲೊಂದು ತೊಡಕುಂಟು. ಕ್ಷೇತ್ರ ಇನ್ನೂ ಬಲಿತರೆ ಇಲೆಕ್ಟ್ರಾನುಗಳ ಓಟ ಹೆಚ್ಚುತ್ತದೆ. ತೆರೆಗಳ ವೇಗ ಮಾತ್ರ ಶಬ್ದವೇಗದ ಆಸುಪಾಸಿನಲ್ಲೇ ನಿಲ್ಲುತ್ತದೆ. ತೆರೆಯ ವೇಗವನ್ನೇ ನಂಬಿ ಲೆಕ್ಕ ಹಾಕಿದವನಿಗೆ ಕ್ಷೇತ್ರ ನಿಜಕ್ಕಿಂತ ಕಡಿಮೆಯಾಗಿ ತೋರುತ್ತದೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಆ ಕ್ಷೇತ್ರವೇ ಆಕಾಶದಲ್ಲಿ ಭಾರಿ ವಿದ್ಯುತ್ ಪ್ರವಾಹಗಳನ್ನು ಹರಿಸುತ್ತದೆ. 1989ರ ಮಾರ್ಚ್ 13ರಂದು ಅಂಥ ಪ್ರವಾಹಗಳ ಏರಿಳಿತದಿಂದ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಕುಸಿದು, ಸುಮಾರು 9 ಗಂಟೆಗಳ ಕಾಲ ಕತ್ತಲೆ ಕವಿಯಿತು.

ಇವೆಲ್ಲ ಉತ್ತರದೇಶದ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. ಭೂಮಿಯ ಕಾಂತೀಯ ವಿಷುವದ್ರೇಖೆ ಭಾರತದ ದಕ್ಷಿಣದ ತುದಿಯ ಬಳಿ ಹಾಯುತ್ತದೆ. ಅದರ ಮೇಲ್ಗಡೆ ಹಗಲಿನಲ್ಲಿ ಪೂರ್ವಾಭಿಮುಖವಾಗಿ ವಿದ್ಯುತ್ತಿನ ಹೊಳೆಯೊಂದು ಹರಿಯುತ್ತದೆ. ಅದನ್ನು ಅರಿಯಲೆಂದೇ ಕೇರಳದ ತುಂಬಾ ಗ್ರಾಮವನ್ನು ಆರಿಸಿ, 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟನ್ನು ಹಾರಿಸಿದರು. ಮುಂದೆ ಅಲ್ಲಿ ಸ್ಥಾಪಿಸಿದ ರಡಾರಿಗೂ ಇಂಥವೇ ತೆರೆಗಳ ಮರುದನಿ ದೊರೆಯಿತು. ಮೇರುಜ್ಯೋತಿಯ ಬೆಳಕು ನಮಗೆ ದೂರ. ಅದರ ಮರುದನಿಯ ನಿಯಮ ನಮ್ಮ ದಕ್ಷಿಣದ ಆಕಾಶದಲ್ಲಿಯೂ ನಡೆಯುತ್ತಿದೆ.